ಬೆಂಡೆಕಾಯಿ ನೀರಿನ ವರದಿ

ಮೂರು ವರ್ಷ ನನಗೊಬ್ಬ ಓದುಗನಿದ್ದ. ಒಬ್ಬನೇ. ನಾಗಪುರದಲ್ಲಿ ಸೇನೆಗೆ ಮದ್ದುಗುಂಡು ಮಾಡುವ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಇಪ್ಪತ್ತೆಂಟು ವರ್ಷ ದುಡಿದ ಗೆಳೆಯ. ವಾಟ್ಸಾಪಿನಲ್ಲಿ ಓಡಾಡುವ ಸುಳ್ಳುಗಳನ್ನು ಪರೀಕ್ಷಿಸಿ, ನಿಜವೇನೆಂದು ಕನ್ನಡದಲ್ಲಿ ಬರೆದು, ಇಲ್ಲಿನ ಕನ್ನಡದವರ ಗುಂಪಿಗೆ ಹಾಕುವುದು ನಿವೃತ್ತನಾದ ಮೇಲೆ ನಾನು ತಲೆಗೆ ಹಚ್ಚಿಕೊಂಡ ಉದ್ಯೋಗ. ಗುಂಪಿನಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ನನ್ನ ಬರಹದ ಕೆಳಗೆ ಕೈಮುಗಿದ ಚಿತ್ರ ಹಾಕುತ್ತಿದ್ದವನು ಅವನೊಬ್ಬ. ನಾನು ಹಾಕಿದ ನಾಲ್ಕೈದು ನಿಮಿಷಕ್ಕೆ ಅದು ಬರುತ್ತಿತ್ತು. ಅದನ್ನು ನೋಡಿಯೇ ನಾನು ಚಹಾಕ್ಕೆ ನೀರಿಡಲು ಏಳುತ್ತಿದ್ದೆ.

ಫ್ಯಾಕ್ಟರಿಯಲ್ಲಿ ನಾನು ಗುಣಪರೀಕ್ಷೆ ವಿಭಾಗದವನು. ಹೊರಗಿನಿಂದ ಬಂದ ತಗಡು, ಸರಳು, ಬಣ್ಣ, ಎಣ್ಣೆ ಏನೇ ಇರಲಿ, ಅದನ್ನು ಅಳೆದು, ಮುರಿದು, ಸುಟ್ಟು ನೋಡಿ, ಒಪ್ಪಬಹುದೇ ಇಲ್ಲವೇ ಎಂದು ಬರೆದುಕೊಡುವ ಕೆಲಸ. ಸೇರಿದ ಹೊಸದರಲ್ಲಿ ನನಗೆ ವರದಿ ಬರೆಯಲು ಕಲಿಸಿದ ಹಿರಿಯ ಅಧಿಕಾರಿಗೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು. ಮೊದಲು ಮಾಲು ಕಳಿಸಿದವನು ಏನು ಹೇಳುತ್ತಾನೆ ಎಂಬುದನ್ನು ಅವನ ಮಾತಿನಲ್ಲೇ ಬರೆಯಬೇಕು, ಒಂದಕ್ಷರ ಬದಲಿಸಬಾರದು. ಆಮೇಲೆ ನಾವು ಅಳೆದದ್ದು. ಎಲ್ಲಕ್ಕಿಂತ ಕೊನೆಗೆ ತೀರ್ಪು, ಅದರ ಕೆಳಗೆ ಸಹಿ. ತೀರ್ಪನ್ನು ಮೊದಲೇ ಬರೆದವನ ಅಳತೆ ತೀರ್ಪಿನ ಹಿಂದೆ ಓಡುತ್ತದೆ ಎನ್ನುತ್ತಿದ್ದರು ಅವರು. ನನಗೆ ಆ ಮಾತು ಎಷ್ಟು ಹಿಡಿಸಿತ್ತೆಂದರೆ, ಮನೆಯ ಸಾಮಾನಿನ ಪಟ್ಟಿಯನ್ನೂ ನಾನು ಅದೇ ಗತ್ತಿನಲ್ಲಿ ಬರೆಯುತ್ತೇನೆಂದು ಹೆಂಡತಿ ನಗುತ್ತಿದ್ದಳು.

ನಿವೃತ್ತಿಗೆ ಒಂದು ವರ್ಷವಿರುವಾಗ ಅವಳು ತೀರಿಕೊಂಡಳು. ಮಗಳು ಮದುವೆಯಾಗಿ ಬೆಳಗಾವಿಯಲ್ಲಿದ್ದಾಳೆ, ಭಾನುವಾರ ಫೋನು ಮಾಡುತ್ತಾಳೆ. ನನ್ನ ಫ್ಲಾಟು ವಾಡಿಯಲ್ಲಿ, ಅಮರಾವತಿ ರಸ್ತೆಯ ಗೋದಾಮುಗಳ ಹಿಂದೆ. ದಿನವಿಡೀ ಲಾರಿಗಳು ಹಿಂದಕ್ಕೆ ಸರಿಯುವ ಸದ್ದು ಕೇಳುತ್ತದೆ. ಧಾರವಾಡಕ್ಕೆ ಹೋಗಿ ಇರು ಎಂದು ಹೇಳಿದವರುಂಟು. ಮೂವತ್ತೈದು ವರ್ಷ ಬಿಟ್ಟ ಊರಿನಲ್ಲಿ ನನ್ನನ್ನು ಯಾರು ಗುರುತಿಸುತ್ತಾರೆ? ಇಲ್ಲಿಯಾದರೆ ತರಕಾರಿಯವನಿಗಾದರೂ ನಾನು ಗೊತ್ತು.

ಸುಳ್ಳು ಹಿಡಿಯುವ ಕೆಲಸ ಶುರುವಾದದ್ದು ಪ್ಲಾಸ್ಟಿಕ್ ಅಕ್ಕಿಯಿಂದ. ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆಸೆದರೆ ಚೆಂಡಿನಂತೆ ಪುಟಿಯುತ್ತದೆ, ಹಾಗಾಗಿ ಅದು ಪ್ಲಾಸ್ಟಿಕ್ ಎಂಬ ವಿಡಿಯೋ ಗುಂಪಿಗೆ ಬಂದಿತ್ತು. ಜನ ಗಾಬರಿಯಾಗಿ ಅದನ್ನು ಹತ್ತು ಕಡೆ ಕಳಿಸಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇರುವ ಭಾಷೆಯವರು ನಾವು. ನಾನು ನಾಲ್ಕು ಅಂಗಡಿಯಿಂದ ನಾಲ್ಕು ತರದ ಅಕ್ಕಿ ತಂದೆ. ಬೇರೆ ಬೇರೆ ಕುದಿಸಿ, ಉಂಡೆ ಕಟ್ಟಿ, ಅಡುಗೆಮನೆಯ ನೆಲಕ್ಕೆಸೆದೆ. ನಾಲ್ಕೂ ಪುಟಿದವು. ಅಂಟುಳ್ಳ ಅನ್ನ ಬಿಗಿಯಾಗಿ ಹಿಡಿದರೆ ಪುಟಿಯಲೇಬೇಕು. ಪ್ಲಾಸ್ಟಿಕ್ ಚೂರನ್ನೂ ಅಕ್ಕಿ ಕಾಳನ್ನೂ ಪಕ್ಕಪಕ್ಕದಲ್ಲಿ ಸುಟ್ಟು ವಾಸನೆ ನೋಡಿದೆ. ಎಲ್ಲವನ್ನೂ ಬರೆದೆ. ಹೇಳಿಕೆ, ಪರೀಕ್ಷೆ, ತೀರ್ಪು. ಅಂದು ಮಗಳ ಫೋನು ಬಂದಾಗ ಹೆಮ್ಮೆಯಿಂದ ಹೇಳಿದೆ.

“ಅಪ್ಪಾ, ಅನ್ನದ ಉಂಡಿ ಕಟ್ಟಿ ಆಡ್ಕೋಂತ ಕುಂತೀ ಏನು?” ಎಂದಳು. ಮತ್ತೆ, “ಊಟ ಆತಿಲ್ಲೋ?” ಎಂದು ಕೇಳಿದಳು.

ಆಮೇಲೆ ಕಿತ್ತಳೆಗೆ ಬಣ್ಣದ ಸೂಜಿ ಚುಚ್ಚುತ್ತಾರೆ ಎಂಬ ಸುದ್ದಿ ಬಂತು. ಕಿತ್ತಳೆಗೇ ಹೆಸರಾದ ಈ ಊರಿನಲ್ಲಿದ್ದುಕೊಂಡು ಅದನ್ನು ಸುಮ್ಮನೆ ಬಿಡಲಾದೀತೇ? ನಾನೇ ಸಿರಿಂಜು ತಂದು ಒಂದು ಕಿತ್ತಳೆಗೆ ಬಣ್ಣ ಚುಚ್ಚಿದೆ. ಚುಚ್ಚಿದ ಕಡೆ ಕಲೆ ನಿಂತಿತು, ಪಕ್ಕದ ತೊಳೆಗೂ ಹರಡಲಿಲ್ಲ, ಎರಡೇ ದಿನಕ್ಕೆ ಹಣ್ಣು ಬೂಸ್ಟು ಹಿಡಿಯಿತು. ಪಾದದಡಿಯಲ್ಲಿ ಈರುಳ್ಳಿ ಹೋಳು ಕಟ್ಟಿಕೊಂಡು ಮಲಗಿದರೆ ದೇಹದ ವಿಷವೆಲ್ಲ ಇಳಿದು ಈರುಳ್ಳಿ ಕಪ್ಪಾಗುತ್ತದೆ ಎಂದರು. ಒಂದು ಹೋಳನ್ನು ಕಾಲಿಗೂ, ಇನ್ನೊಂದನ್ನು ಮೇಜಿನ ಕಾಲಿಗೂ ಕಟ್ಟಿದೆ. ಎರಡೂ ಒಂದೇ ಸಮ ಕಪ್ಪಾದವು. ಮೇಜಿಗೆ ಏನು ವಿಷವಿತ್ತೋ ತಿಳಿಯದು ಎಂದು ವರದಿಯಲ್ಲಿ ಬರೆದೆ. ನಗಲಿ ಎಂದು ಬರೆದದ್ದು. ಯಾರೂ ನಗಲಿಲ್ಲ. ಗೆಳೆಯನ ಕೈಮುಗಿದ ಚಿತ್ರ ಮಾತ್ರ ಎಂದಿನಂತೆ ಬಂತು.

ನೆಂಟರ ಗುಂಪಿನಿಂದ ನನ್ನನ್ನು ಹೊರಗೆ ಹಾಕಿದರು. ಭಾವಮೈದುನ ಹಾಕಿದ ಒಂದು ತಾಮ್ರದ ಬಳೆಯ ಮಹಿಮೆಗೆ ನಾನು ಉತ್ತರ ಬರೆದದ್ದೇ ಕಾರಣ. ಮದುವೆ ಮುಂಜಿಯ ಕರೆಯೋಲೆಗಳೂ ಅದೇ ಗುಂಪಿನಲ್ಲಿ ಬರುತ್ತಿದ್ದವು, ಹಾಗಾಗಿ ಅವೂ ನಿಂತವು. ಕನ್ನಡದವರ ಗುಂಪಿನಲ್ಲಿ ಯಾರೂ ಹೊರಗೆ ಹಾಕಲಿಲ್ಲ. ನಾನು ಬರೆದದ್ದರ ಮೇಲೆ ಮರುಕ್ಷಣವೇ ಯಾರಾದರೊಬ್ಬರು ಗುಲಾಬಿ ಹೂವಿನ ಶುಭೋದಯ ಹಾಕಿ ಮುಚ್ಚಿಬಿಡುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸುತ್ತಿದ್ದೇನೆ ಅನ್ನಿಸುತ್ತಿತ್ತು. ನಿಜ ಹೇಳುತ್ತೇನೆ, ಆ ಕೈಮುಗಿದ ಚಿತ್ರ ಇಲ್ಲದಿದ್ದರೆ ನಾನು ಎಂದೋ ನಿಲ್ಲಿಸುತ್ತಿದ್ದೆ.

ಗೆಳೆಯ ನಾಗಪುರದಲ್ಲೇ ಹುಟ್ಟಿದವನು. ಅಪ್ಪ ಗದಗಿನ ಕಡೆಯವರು, ರೈಲ್ವೆ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ. ವರ್ಧಾ ಕಡೆಯ ಮರಾಠಿ ಹುಡುಗಿಯನ್ನು ಮದುವೆಯಾದ. ಅಪ್ಪ ಅಮ್ಮ ಹೋದ ಮೇಲೆ ಅವನು ಕನ್ನಡ ಆಡುತ್ತಿದ್ದುದು ಹೆಚ್ಚಾಗಿ ನನ್ನ ಜೊತೆಗೇ. ಗುಂಪಿಗೆ ಅವನನ್ನು ಸೇರಿಸಿದವನೂ ನಾನೇ. ಸೇರಿಸುವಾಗ ಒಮ್ಮೆ ಕೇಳಿದ್ದೆ.

“ಕನ್ನಡ ಓದಾಕ ಬರ್ತೈತಿಲ್ಲೋ ನಿನಗ?”

“ಬರ್ತೈತಿ. ಅಪ್ಪಾ ಕಲಿಸ್ಯಾನ. ಜರಾ ನಿಧಾನ.”

ಅಷ್ಟಕ್ಕೆ ನಾನು ಒಪ್ಪಿಕೊಂಡೆ.

ಬೆಳಗ್ಗೆ ಆರಕ್ಕೆ ಇಬ್ಬರೂ ಕಾಲೊನಿಯ ರಸ್ತೆಯಲ್ಲಿ ನಡೆಯುತ್ತಿದ್ದೆವು. ಮರಳುವಾಗ ತರ್ರಿ ಪೋಹೆಯ ಗಾಡಿ. ಅವಲಕ್ಕಿಯ ಮೇಲೆ ಕಡಲೆಯ ಕೆಂಪು ಖಾರದ ರಸ ಸುರಿದು ಕೊಡುತ್ತಾರೆ, ನಾನು ಅರ್ಧ ಚಮಚ ಹಾಕಿಸಿಕೊಂಡೇ ಬೆವರುತ್ತಿದ್ದೆ, ಅವನು ಎರಡು ಸಲ ಸುರಿಸಿಕೊಳ್ಳುತ್ತಿದ್ದ. ನಡೆಯುವಾಗ ಫ್ಯಾಕ್ಟರಿಯ ಹಳೆಯ ಮಾತು, ಕ್ರಿಕೆಟ್ಟು, ಅವನ ಮಗನ ಮಾತು. ವಾಟ್ಸಾಪಿನ ವಿಷಯ ಎತ್ತಬಾರದೆಂದು ನಾನೇ ನಿಯಮ ಮಾಡಿದ್ದೆ. ಬಾಯಲ್ಲಿ ಹೇಳಿದರೆ ವಾದವಾಗುತ್ತದೆ, ಬರೆದರೆ ವರದಿಯಾಗುತ್ತದೆ ಎಂಬುದು ನನ್ನ ಜಂಬ. ಅವನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಹೊಟ್ಟೆಯ ಮೇಲೆ ಚುಚ್ಚಲು ಜಾಗವೇ ಉಳಿದಿಲ್ಲ ಎಂದು ಒಂದೆರಡು ಸಲ ನಕ್ಕಿದ್ದ. ಅದು ನಗುವ ಮಾತಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಕಳೆದ ಏಪ್ರಿಲ್ ಕೊನೆಯಲ್ಲಿ ಬೆಂಡೆಕಾಯಿ ನೀರಿನ ಸುದ್ದಿ ಬಂತು. ಬಿಳಿ ಕೋಟು ಹಾಕಿದ ಒಬ್ಬಾತ ಹಿಂದಿಯಲ್ಲಿ ಮಾತಾಡಿದ ವಿಡಿಯೋ. ಎಳೆಯ ಬೆಂಡೆಕಾಯಿ ಸೀಳಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹನ್ನೊಂದು ದಿನ ಕುಡಿದರೆ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ, ಅಲ್ಲಿಂದಾಚೆಗೆ ಸೂಜಿಯೂ ಬೇಡ ಮಾತ್ರೆಯೂ ಬೇಡ ಎಂದು ಅವನು ಹೇಳುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕಿ, ಕಿತ್ತಳೆ ಸುಳ್ಳಾದರೆ ಯಾರೂ ಸಾಯುವುದಿಲ್ಲ. ಇದು ಹಾಗಲ್ಲ. ಒಂದು ವಾರ ಕೂತೆ. ರಾಮದಾಸಪೇಠಿನಲ್ಲಿ ರಕ್ತಪರೀಕ್ಷೆಯ ಲ್ಯಾಬು ನಡೆಸುವ ಪರಿಚಯದ ಡಾಕ್ಟರರಲ್ಲಿ ಹೋಗಿ ಕೇಳಿದೆ. ಇಂಥದ್ದನ್ನು ನಂಬಿ ಇನ್ಸುಲಿನ್ ಬಿಟ್ಟವರು ಯಾವ ಸ್ಥಿತಿಯಲ್ಲಿ ಬರುತ್ತಾರೆಂದು ಅವರು ಹೇಳಿದರು. ಬಂದು ಬರೆದೆ. ಐವತ್ತೆರಡು ಸಾಲು. ಅಷ್ಟು ಒಳ್ಳೆಯದನ್ನು ನಾನು ಹಿಂದೆ ಬರೆದಿರಲಿಲ್ಲ.

ಮೇಲಿನ ಸಾಲುಗಳು ಹೀಗಿದ್ದವು. “ವಿಷಯ: ಬೆಂಡೆಕಾಯಿ ನೀರಿನಿಂದ ಸಕ್ಕರೆ ಕಾಯಿಲೆ ಸಂಪೂರ್ಣ ಗುಣ. ವಿಧಾನ: ಎಳೆಯ ಬೆಂಡೆಕಾಯಿ ನಾಲ್ಕು, ತುದಿ ಕತ್ತರಿಸಿ ಸೀಳಿ, ಒಂದು ಲೋಟ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹನ್ನೊಂದು ದಿನ ಕುಡಿಯುವುದು. ಫಲ: ಇನ್ಸುಲಿನ್ ಮತ್ತು ಮಾತ್ರೆ ನಿಲ್ಲಿಸಬಹುದು.” ಕಳಿಸಿದವನ ಮಾತು, ಒಂದಕ್ಷರ ಬದಲಿಸದೆ. ಅದು ಸುಳ್ಳು, ಪ್ರಾಣಕ್ಕೆ ಅಪಾಯ ಎಂಬುದು ಐವತ್ತನೇ ಸಾಲಿನಲ್ಲಿತ್ತು.

ನಾಲ್ಕು ನಿಮಿಷಕ್ಕೆ ಕೈಮುಗಿದ ಚಿತ್ರ ಬಂತು. ಒಂದೊಂದೇ ಅಕ್ಷರ ಕೂಡಿಸಿ ಓದುವವನು ಐವತ್ತೆರಡು ಸಾಲನ್ನು ನಾಲ್ಕು ನಿಮಿಷದಲ್ಲಿ ಹೇಗೆ ಮುಗಿಸಿದ ಎಂದು ಕೇಳಿಕೊಳ್ಳಬೇಕಾಗಿತ್ತು. ಮೂವತ್ತು ವರ್ಷ ಪ್ರತಿಯೊಂದನ್ನೂ ಅಳೆದವನು ಅದನ್ನು ಅಳೆಯಲಿಲ್ಲ.

ಮೇ ಬಂತು. ನಾಗಪುರದ ಮೇ ತಿಂಗಳ ಬಿಸಿಲಿಗೆ ಬೆಳಗ್ಗೆ ಆರಕ್ಕೇ ಗೋಡೆಗಳು ಬೆಚ್ಚಗಿರುತ್ತವೆ. ಗೆಳೆಯ ನಡೆಯಲು ಬರುವಾಗ ಒಂದು ಬಾಟಲಿ ನೀರು ತರುತ್ತಿದ್ದವನು ಎರಡು ತರತೊಡಗಿದ. ಎರಡೂ ಅರ್ಧ ದಾರಿಯಲ್ಲೇ ಮುಗಿಯುತ್ತಿದ್ದವು. ಗಾಡಿಯ ಹಿಂದಿನ ಗೋಡೆಯ ಕಡೆಗೆ ಪದೇ ಪದೇ ಹೋಗಿ ಬರುತ್ತಿದ್ದ. ಬಿಸಿಲಿಗೆ ಎಲ್ಲರಿಗೂ ಬಾಯಾರುತ್ತದೆ ಎಂದುಕೊಂಡೆ. ಪ್ಯಾಂಟು ಸಡಿಲಾಗಿತ್ತು.

“ಹೊಟ್ಟಿ ಇಳದೈತಲ್ಲೋ” ಎಂದು ನಾನೇ ಮೆಚ್ಚಿ ಹೇಳಿದೆ.

ಅವನು ಗುಟ್ಟಿನ ನಗು ನಕ್ಕ. “ತಡಿ, ಸಾಹೇಬ. ಇನ್ನೊಂದ್ ಐದಾರ್ ದಿನ. ನಿನಗೊಂದ್ ತೋರಸ್ತೀನಿ.”

ಮಗ ಹೊಸ ಕಾರು ತೆಗೆದುಕೊಂಡಿರಬೇಕು ಎಂದುಕೊಂಡೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಆಡಿದ್ದೇನೆ. ಅಂದು ನನ್ನ ಪಕ್ಕದಲ್ಲೇ ನಡೆಯುತ್ತಿದ್ದವನು ಒಣಗುತ್ತಿದ್ದ, ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಮೂರು ದಿನ ಅವನು ನಡೆಯಲು ಬರಲಿಲ್ಲ. ಎರಡನೆಯ ದಿನ ನಾನು ಒಂದು ಸಣ್ಣ ಬರಹ ಹಾಕಿದ್ದೆ. ಅದರ ಕೆಳಗೂ ಏನೂ ಬರಲಿಲ್ಲ. ನನಗೆ ಅನುಮಾನ ಬರಬೇಕಿತ್ತು, ಬಂದದ್ದು ಮುನಿಸು. ಇವನೂ ಬೇಸತ್ತನೇ ಎಂದುಕೊಂಡು ಫೋನು ಮಾಡದೆ ಬಿಗಿದುಕೊಂಡು ಕೂತೆ. ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ಅವನ ಹೆಂಡತಿಯ ಫೋನು ಬಂತು. ರಾಮದಾಸಪೇಠಿನ ಆಸ್ಪತ್ರೆಯಲ್ಲಿದ್ದೇವೆ, ಇವರಿಗೆ ಎಚ್ಚರವಿಲ್ಲ ಎಂದು ಮರಾಠಿಯಲ್ಲಿ ಹೇಳಿ ಇಟ್ಟುಬಿಟ್ಟರು.

ಆಟೊ ಹಿಡಿದು ಹೋದೆ. ತೀವ್ರ ನಿಗಾ ಘಟಕದ ಹೊರಗಿನ ಕಾರಿಡಾರಿನಲ್ಲಿ ಅವರು ಒಂದು ಸ್ಟೀಲಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪುಣೆಯಿಂದ ಮಗ ಬಂದಿದ್ದ. ಸಕ್ಕರೆ ಮಿತಿಮೀರಿ ಏರಿ, ಮೈಯ ನೀರೆಲ್ಲ ಆರಿ, ರಕ್ತ ಕೆಟ್ಟಿತ್ತು. ಎಡಗಾಲಿನ ಬೆರಳಿಗೆ ಹುಣ್ಣಾಗಿ ಅದು ಕಪ್ಪಾಗಿತ್ತು. ಎರಡು ವಾರಕ್ಕೂ ಮೇಲಾಯಿತು ಇನ್ಸುಲಿನ್ ಮುಟ್ಟಿಲ್ಲ ಎಂದು ಡಾಕ್ಟರರು ಹೇಳಿದ್ದರಂತೆ. ಹನ್ನೊಂದು ದಿನ ಕುಡಿದು, ಇನ್ನೂ ನಾಲ್ಕು ದಿನ ಇರಲಿ ಎಂದು ಕುಡಿದಿದ್ದ.

ಅವನ ಹೆಂಡತಿ ನನ್ನನ್ನು ನೋಡಿ, ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲೇ ಕೇಳಿದರು. “ಭಾವುಜಿ, ತುಮ್ಹೀಚ್ ಲಿಹಿಲಂ ಹೋತಂ ನಾ?” ನೀವೇ ಬರೆದಿದ್ದಿರಲ್ಲ ಎಂದು. ನನ್ನ ಬರಹದ ಮೇಲಿನ ಸಾಲುಗಳನ್ನು ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಅವರಿಗೆ ಮರಾಠಿಯಲ್ಲಿ ಹೇಳಿದ್ದನಂತೆ. ಸಾಹೇಬ ಬರೆದಿದ್ದಾನೆ, ಪರೀಕ್ಷೆ ಮಾಡದೆ ಅವನು ಒಂದಕ್ಷರ ಬರೆಯುವವನಲ್ಲ ಎಂದನಂತೆ. ದಿನವೂ ಸಂಜೆ ಸಂತೆಯಿಂದ ಎಳೆಯ ಬೆಂಡೆಕಾಯಿ ಆರಿಸಿ ತಂದು ನೆನೆಹಾಕಿದವರು ಅವರೇ.

ಅಲ್ಲ, ನಾನು ಸುಳ್ಳು ಅಂತ ಬರೆದದ್ದು, ಕುಡಿಯಬೇಡಿ ಅಂತ ಬರೆದದ್ದು ಎಂದು ಹಿಂದಿಯಲ್ಲಿ ತೊದಲಿದೆ. ಮಗ ನನ್ನತ್ತ ತಿರುಗಿ, “ದಿಖಾಯಿಯೇ, ಅಂಕಲ್” ಎಂದ, ತೋರಿಸಿ ಎಂದು. ಫೋನು ತೆಗೆದು ಕೊಟ್ಟೆ. ಅವನು ನೋಡಿದ. ಅವನಿಗೆ ಕನ್ನಡದ ಒಂದಕ್ಷರವೂ ಗೊತ್ತಿಲ್ಲ. ಅವನ ತಾಯಿಗೂ ಗೊತ್ತಿಲ್ಲ. ನರ್ಸು, ಡಾಕ್ಟರು, ಬಾಗಿಲ ಕಾವಲಿನವನು, ಆ ಕಾರಿಡಾರಿನಲ್ಲಿದ್ದ ಯಾರಿಗೂ ಗೊತ್ತಿಲ್ಲ. ನನ್ನ ತಪ್ಪಿಲ್ಲ ಎನ್ನಲು ನನ್ನ ಬಳಿ ಇದ್ದ ಒಂದೇ ಸಾಕ್ಷಿ ಆ ಕನ್ನಡ ಬರಹ.

ನಾನೇ ಓದಿ ಹೇಳುತ್ತೇನೆಂದು ಫೋನು ತಿರುಗಿ ತೆಗೆದುಕೊಂಡೆ. ಆಗಲಾದರೂ ಕೊನೆಯಿಂದ ಶುರುಮಾಡಬೇಕೆಂದು ಈ ಮಂಡೆಗೆ ಹೊಳೆಯಬೇಕಲ್ಲ. ಮೊದಲ ಸಾಲಿನಿಂದ ಹಿಂದಿಗೆ ತಿರುಗಿಸತೊಡಗಿದೆ. ಬೆಂಡೆಕಾಯಿ ನೀರಿನಿಂದ ಸಕ್ಕರೆ ಕಾಯಿಲೆ ಸಂಪೂರ್ಣ ಗುಣ. ಎಳೆಯ ಬೆಂಡೆಕಾಯಿ ನಾಲ್ಕು, ತುದಿ ಕತ್ತರಿಸಿ. ಮಗ ಅಷ್ಟು ಕೇಳಿದ. ನನ್ನ ಮುಖವನ್ನೇ ನೋಡಿದ. “ಬಸ್, ಅಂಕಲ್”, ಸಾಕು ಎಂದು ಔಷಧಿ ಚೀಟಿ ಹಿಡಿದು ಕೆಳಗಿಳಿದು ಹೋದ. ಮುಂದಿನ ಸಾಲುಗಳು ನನ್ನ ಬಾಯಲ್ಲೇ ಉಳಿದವು.

ಅಲ್ಲೇ ಕುರ್ಚಿಯಲ್ಲಿ ಕೂತು ನನ್ನ ಬರಹವನ್ನು ಬೇರೆಯವರದೆಂಬಂತೆ ನೋಡಿದೆ. ಗುಂಪಿನಲ್ಲಿ ಅದು ಪೂರ್ತಿ ಕಾಣುವುದೇ ಇಲ್ಲ. ಮೇಲಿನ ಒಂದಿಷ್ಟು ಸಾಲು, ಅದರ ಕೆಳಗೆ ಇನ್ನಷ್ಟು ಓದಿ ಎಂಬ ನೀಲಿ ಅಕ್ಷರ. ಮುಟ್ಟಿದರೆ ಮಾತ್ರ ಉಳಿದದ್ದು ತೆರೆಯುತ್ತದೆ. ಮುಟ್ಟದಿದ್ದವರ ಪಾಲಿಗೆ ನಾನು ಬಿಳಿ ಕೋಟಿನವನ ಮಾತನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದುಕೊಟ್ಟವನು, ಅಷ್ಟೇ. ಅವನ ವಿಡಿಯೋವನ್ನಾದರೆ ಗೆಳೆಯ ನಂಬುತ್ತಿರಲಿಲ್ಲ. ಅಂಥವನ್ನು ನೋಡಿ ನಗುತ್ತಿದ್ದ.

ಇನ್ನೊಂದು ಸಂಗತಿ ಅಲ್ಲಿ ನೆನಪಾಯಿತು. ಫ್ಯಾಕ್ಟರಿಯಲ್ಲಿ ಕಾಗದದ ಮೇಲೆ ತೀರ್ಪು ಕೊನೆಗಿರುತ್ತಿತ್ತು, ನಿಜ. ಆದರೆ ತಿರಸ್ಕರಿಸಿದ ಮಾಲಿನ ಪೆಟ್ಟಿಗೆಯ ಮೇಲೆ ಅದೇ ದಿನ ಕೆಂಪು ಬಣ್ಣ ಹಚ್ಚಿಸುತ್ತಿದ್ದೆವು. ಪೆಟ್ಟಿಗೆ ಎತ್ತುವ ಹಮಾಲರು ನನ್ನ ವರದಿ ಓದುತ್ತಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ. ಕೆಂಪು ಕಂಡರೆ ಮುಟ್ಟುತ್ತಿರಲಿಲ್ಲ. ಆ ಬಣ್ಣ ಹಚ್ಚಿಸುವ ಕೆಲಸ ನನ್ನ ಗೆಳೆಯನದೇ ಆಗಿತ್ತು, ಉಗ್ರಾಣದ ಮೇಲ್ವಿಚಾರಣೆ ಅವನದು. ಇಪ್ಪತ್ತೆಂಟು ವರ್ಷ ನನ್ನ ತೀರ್ಪನ್ನು ಅವನು ಬಣ್ಣ ಮಾಡಿ ಜನರಿಗೆ ಮುಟ್ಟಿಸಿದ್ದ. ನಾನು ಅವನಿಗೆ ಕಳಿಸಿದ್ದರಲ್ಲಿ ಬಣ್ಣವೇ ಇರಲಿಲ್ಲ.

ಐದನೆಯ ದಿನ ಅವನಿಗೆ ಚೆನ್ನಾಗಿ ಎಚ್ಚರವಾಯಿತು. ಎಡಗಾಲಿನ ಎರಡು ಬೆರಳು ತೆಗೆದಿದ್ದರು. ವಾರ್ಡಿಗೆ ತಂದ ಮೇಲೆ ಮಧ್ಯಾಹ್ನ ಹೋದೆ. ಮಗ ಊಟಕ್ಕೆ ಹೋಗಿದ್ದ, ಹೆಂಡತಿ ಕಿಟಕಿಯ ಕೆಳಗೆ ಒರಗಿ ತೂಕಡಿಸುತ್ತಿದ್ದರು. ಗೆಳೆಯ ನನ್ನನ್ನು ಕಂಡು ನಕ್ಕ.

“ಏನ್ ಸಾಹೇಬ, ಫೇಲ್ ಮಾಡಿಬಿಟ್ಟಿ ನನ್ನ.”

ಮಂಚದ ಕಡೆ ಬಾಗಿ ಕೇಳಿದೆ. “ಪೂರ್ತಿ ಓದಲಿಲ್ಲೇನು?”

“ಎಲ್ಲಿ ಓದ್ಲೋ. ಅಕ್ಷರಕ್ಕ ಅಕ್ಷರ ಕೂಡಿಸ್ಕೋಂತ ನಾಕ್ ಸಾಲ್ ಹೋಗೂದ್ರಾಗ ಕಣ್ಣಾಗ ನೀರು ಬರ್ತಾವ. ಮ್ಯಾಲಿಂದ ಓದತಿದ್ದೆ. ಬಾಕಿ ನೀ ಬರದೀ ಅಂದ್ರ ಬರೋಬರ್ ಇರ್ತೈತಿ ಅಂತ ಕೈ ಮುಗೀತಿದ್ದೆ.”

“ಯಾವಾಗ್ಲೂ ಹಂಗನ?”

“ಯಾವಾಗ್ಲೂ.”

“ಅಂದ್ರ, ಪ್ಲಾಸ್ಟಿಕ್ ಅಕ್ಕಿ?”

“ಅದು ಖರೇನ ಅಲ್ಲಾ? ಆವಾಗಿಂದ ನಾವು ಅಂಗಡಿ ಬದಲಿ ಮಾಡೇವಿ.”

ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿತು. ಮೂರು ವರ್ಷ ನನ್ನನ್ನು ಓದುತ್ತಿದ್ದವನು ಓದಿರಲೇ ಇಲ್ಲ. ನಂಬಬೇಡಿ, ಪರೀಕ್ಷಿಸಿ ಎಂದು ಬರೆದವನನ್ನು ಅವನು ಪರೀಕ್ಷಿಸದೆ ನಂಬಿದ್ದ. ನಾನೂ ಅಷ್ಟೇ, ಆ ಕೈಮುಗಿದ ಚಿತ್ರವನ್ನು ಪರೀಕ್ಷಿಸದೆ ನಂಬಿದ್ದೆ, ಯಾಕೆಂದರೆ ನನಗೆ ಅದು ಬೇಕಾಗಿತ್ತು. ಬೆಂಡೆಕಾಯಿ ನೀರು ಅವನಿಗೆ ಬೇಕಾಗಿದ್ದಂತೆಯೇ.

“ಓದು ಈಗ” ಎಂದ ಅವನು. “ಏನ್ ಬರದಿದ್ದಿ, ಪೂರಾ ಕೇಳೋಣು.”

ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಐವತ್ತೆರಡು ಸಾಲನ್ನೂ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಅವನು ಹೊದಿಕೆಯ ಕೆಳಗಿನ ಕಾಲಿನ ಕಡೆ ನೋಡಿದ. “ಭಾಳ ಚಲೋ ಬರದೀ” ಎಂದ. “ಮೊದಲ ಹೇಳಬೇಕಿತ್ತಲ್ಲೋ, ಜಲ್ದಿ.” ನಾನು ಅವನ ಕೈ ಹಿಡಿದುಕೊಂಡು, ತಪ್ಪಾಯಿತು ಎಂದೆ. ಇಷ್ಟು ವರ್ಷದ ಗೆಳೆತನದಲ್ಲಿ ಆ ಮಾತನ್ನು ನಾವಿಬ್ಬರೂ ಆಡಿರಲಿಲ್ಲ. ಅವನು ನನ್ನ ಬೆರಳುಗಳನ್ನು ಅದುಮಿದ.

ಮನೆಗೆ ಬಂದವನೇ ಗುಂಪಿಗೆ ಎರಡೇ ಮಾತು ಹಾಕಿದೆ. ಬೆಂಡೆಕಾಯಿ ನೀರಿನ ಸುದ್ದಿ ಸುಳ್ಳು. ಇನ್ಸುಲಿನ್ ಬಿಡಬೇಡಿ. ಎರಡು ಬದಿಗೂ ಕೆಂಪು ಚುಕ್ಕೆ ಇಟ್ಟೆ. ಬೆಂಗಳೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಬೇರೆಯಾಗಿ ನನಗೆ ಬರೆದರು. “ಸರ್, ಮೊನ್ನೆ ನೀವೇ ಒಳ್ಳೇದು ಅಂದಿದ್ರಿ, ಈಗ ಸುಳ್ಳು ಅಂತೀರಿ. ಯಾವುದನ್ನ ನಂಬೋದು?” ಅವರ ತಾಯಿಯೂ ಕುಡಿಯುತ್ತಿದ್ದರಂತೆ, ಪುಣ್ಯಕ್ಕೆ ಮಾತ್ರೆ ಬಿಟ್ಟಿರಲಿಲ್ಲ. ಫೋನು ಮಾಡಿ ವಿವರಿಸಿದೆ. ಆಮೇಲೆ ಒಬ್ಬೊಬ್ಬರಿಗೇ ಫೋನು ಮಾಡಿದೆ, ನೂರಕ್ಕೂ ಹೆಚ್ಚು ಜನರಿಗೆ, ನಾಲ್ಕು ದಿನ. ಹೆಚ್ಚಿನವರು ನೀವು ಯಾರು ಎಂದು ಮೊದಲು ಕೇಳಿದರು.

ಜೂನ್ ಕೊನೆಗೆ ಮಗ ತಂದೆತಾಯಿಯನ್ನು ಪುಣೆಗೆ ಕರೆದುಕೊಂಡು ಹೋದ. ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಗೆಳೆಯ ಗಾಲಿಕುರ್ಚಿಯಲ್ಲಿ ಕೂತು, ಪುಣೆಯಲ್ಲಿ ತರ್ರಿ ಪೋಹೆ ಸಿಗುವುದಿಲ್ಲವಲ್ಲ ಎಂದು ಕೊರಗುತ್ತಿದ್ದ. ಅವನ ಹೆಂಡತಿ ನನ್ನ ಕೈಗೆ ಒಂದು ಚಟ್ನಿಪುಡಿಯ ಡಬ್ಬಿ ಕೊಟ್ಟರು. ಗಾಡಿ ಬರುವ ಮೊದಲು ಮಗ ನನ್ನನ್ನು ಪಕ್ಕಕ್ಕೆ ಕರೆದು, ಅಂಕಲ್, ಕೆಲವು ದಿನ ಬಾಬಾಗೆ ಫೋನು ಮಾಡಬೇಡಿ, ಮೆಸೇಜೂ ಬೇಡ, ಅವರು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಹಿಂದಿಯಲ್ಲಿ ಹೇಳಿದ. ಮರ್ಯಾದೆ ಬಿಟ್ಟು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಹೇಳಿದಂತೆ ಒಂದು ತಿಂಗಳು ಸುಮ್ಮನಿದ್ದೆ. ಬೆಳಗ್ಗೆ ಒಬ್ಬನೇ ನಡೆಯುತ್ತೇನೆ. ಗಾಡಿಯವನು ಅಭ್ಯಾಸಬಲದಿಂದ ಎರಡು ತಟ್ಟೆ ತೆಗೆದು, ಒಂದನ್ನು ಒಳಗಿಡುತ್ತಾನೆ. ಆಗಸ್ಟಿನಲ್ಲಿ ಒಂದು ದಿನ ಗೆಳೆಯನಿಗೆ ಬರೆದೆ. ತೀರ್ಪನ್ನು ಮೊದಲೇ ಹಾಕಿ ಬರೆದೆ, ಮೂರೇ ಶಬ್ದ, ದಪ್ಪ ಅಕ್ಷರದಲ್ಲಿ, ಕೂಡಿಸಿ ಓದಲು ಸುಲಭವಾಗುವಂತೆ. “ನೀನಿಲ್ಲದೆ ನನಗೆ ಬೇಜಾರು.” ಬರೆದದ್ದು ಅವನ ಫೋನಿಗೆ ತಲುಪಿದರೆ ಕೆಳಗೆ ಎರಡು ಗೀಟು ಬೀಳಬೇಕು, ಒಂದೇ ಬಿತ್ತು. ಇವತ್ತಿಗೂ ಒಂದೇ ಇದೆ.

ಅದಕ್ಕೆ ಕಾರಣಗಳನ್ನು ನಾನು ಬಲ್ಲೆ. ಮಗ ನನ್ನ ನಂಬರು ತಡೆದಿರಬಹುದು. ಗೆಳೆಯನೇ ತಡೆದಿರಬಹುದು. ಅವನ ಫೋನು ಕೆಟ್ಟಿರಬಹುದು. ಯಾವುದು ನಿಜವೆಂದು ತಿಳಿಯುವುದು ನನ್ನಂಥವನಿಗೆ ಕಷ್ಟವೇ ಅಲ್ಲ. ಕೆಳಗಿನ ಮನೆಯವರ ಫೋನಿನಿಂದ ಅವನ ನಂಬರಿಗೆ ಒಮ್ಮೆ ಕರೆ ಮಾಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅವರ ಫೋನು ಎರಡು ಸಲ ಕೈಗೂ ಬಂದಿತ್ತು, ಬೇರೆ ಕೆಲಸಕ್ಕೆ.

ನಾನು ಕರೆ ಮಾಡಲಿಲ್ಲ. ಅವನ ಫೋನು ಕೆಟ್ಟಿದೆ ಎಂದೇ ನಂಬಿಕೊಂಡಿದ್ದೇನೆ.